ಫೋನಿನಲ್ಲಿ ಬರುವ ಮಾತಿಗೆ ಏನು ಉತ್ತರ ಕೊಡಬೇಕು? ತರಬೇತಿಯಲ್ಲಿ ಇದು ಬರಲೇ ಇಲ್ಲ

ಕುಮಟಾ_ಹೊಸ_ವಿಎ:

ಎಲ್ಲರಿಗೂ ನಮಸ್ಕಾರ. ನಾನು ಗ್ರಾಮ ಆಡಳಿತ ಅಧಿಕಾರಿಯಾಗಿ ಸೇರಿ ವರ್ಷವೂ ಆಗಿಲ್ಲ. ತರಬೇತಿಯಲ್ಲಿ ಪಹಣಿ, ಮ್ಯುಟೇಶನ್, ಪೋಡಿ ಅಂತ ಜಮೀನು ದಾಖಲೆಯ ಕೆಲಸ, ಸಕಾಲದ ಅರ್ಜಿ ಎಲ್ಲ ಹೇಳಿಕೊಟ್ಟರು. ಚೆನ್ನಾಗಿಯೇ ಹೇಳಿಕೊಟ್ಟರು. ಆದರೆ ಈ ಮಳೆಗಾಲದಲ್ಲಿ ಮನೆ ಹಾನಿ ಪಂಚನಾಮೆಗೆ, ಅಂದರೆ ಸ್ಥಳ ನೋಡಿ ಹಾನಿ ಬರೆದುಕೊಳ್ಳಲು, ಹೋದಾಗ ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಒಂದು ಚಿರೆಕಲ್ಲಿನ ಮನೆ. ಹಿಂದಿನ ಬಚ್ಚಲ ಗೋಡೆ ಬಿದ್ದಿತ್ತು, ಉಳಿದದ್ದೆಲ್ಲ ಗಟ್ಟಿ ಇತ್ತು. ಕೊಡೆಯನ್ನು ಹೆಗಲಿಗೆ ಒತ್ತಿ ಹಿಡಿದು ಬರೀತಾ ಇದ್ದೆ, ಫೋನ್ ಬಂತು. ಊರಿನ ಮುಖಂಡರು, ನನ್ನ ಅಪ್ಪನ ವಯಸ್ಸಿನವರು, 'ತಂಗೀ' ಅಂತಲೇ ಮಾತಾಡಿಸುವವರು. "ಅದನ್ನ ಪೂರ್ತಿ ಹಾನಿ ಅಂತ ಬರೆದುಬಿಡು, ಮೇಲಿನವರಿಗೆ ನಾನು ಹೇಳಿದ್ದೇನೆ" ಅಂದರು. ಪಕ್ಕದ ಮನೆ ಅಜ್ಜಿಯ ಮಣ್ಣಿನ ಗೋಡೆ ನಿಜವಾಗಿಯೂ ಕುಸಿದು ಒಲೆಯ ಮೇಲೇ ಬಿದ್ದಿತ್ತು. ಅವರು ಅಂಗಳದಲ್ಲಿ ನಿಂತು ನನ್ನನ್ನೇ ನೋಡ್ತಾ ಇದ್ದರು. ನಾನು "ನೋಡ್ತೇನೆ" ಅಂದೆ. ಬರೆದದ್ದು ಮಾತ್ರ ಕಣ್ಣಿಗೆ ಕಂಡದ್ದನ್ನೇ. ಸಂಜೆಯೊಳಗೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ, ಕೆಳಗೆ ನಾನು ದುಡ್ಡು ಕೇಳಿದೆ ಅಂತ ಬರಹ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇಂಥದ್ದನ್ನು ಹೇಗೆ ಎದುರಿಸಬೇಕು ಅಂತ ಎಲ್ಲಿ ಕಲಿಸ್ತಾರೆ? ಅನುಭವ ಇದ್ದವರು ಹೇಳಿ.

ಶಿರಸಿ_ನಿವೃತ್ತ_ಶಿರಸ್ತೇದಾರ:

ತಂಗಿ, ನೀನು ಬರೆದದ್ದು ಸರಿ, ಹೇಳಿದ್ದು ತಪ್ಪು. "ನೋಡ್ತೇನೆ" ಅಂದರೆ ನಮ್ಮ ಕಡೆ ಅದು ಒಪ್ಪಿಗೆಯೇ. ಅವರು ಆ ಮನೆಯವರಿಗೆ "ಆಯ್ತು, ಕೆಲಸ ಆಗ್ತದೆ" ಅಂತ ಹೇಳಿ ಆಗಿರುತ್ತದೆ. ಆಮೇಲೆ ಆಗದಿದ್ದಾಗ ಅವರ ಮಾನದ ಪ್ರಶ್ನೆ. ಮೊದಲ ಮಾತಿಗೇ, ಮರ್ಯಾದೆಯಿಂದಲೇ, "ಕಂಡದ್ದನ್ನು ಬರೀತೇನೆ, ಒಪ್ಪಿಗೆ ಆಗದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ, ಮತ್ತೆ ಅಳತೆ ಮಾಡಲಿ" ಅನ್ನು. ಅವರಿಗೂ ಒಂದು ದಾರಿ ಸಿಗ್ತದೆ.

ಇನ್ನು ಮೇಲಧಿಕಾರಿಯೇ ಬಾಯಿಮಾತಲ್ಲಿ ಹೇಳಿದರೆ ಏನು ಮಾಡೋದು? ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 31ರಂದು ನಿವೃತ್ತ ಅಧಿಕಾರಿ ಟಿ.ಎಸ್.ಆರ್. ಸುಬ್ರಮಣಿಯನ್ ಹಾಕಿದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಬಾಯಿಮಾತಿನ ಸೂಚನೆ ಮೇಲೆ ನಡೆಯಬಾರದು, ಅದು ಬರಹಕ್ಕೆ ಬರಬೇಕು. ಬರಹದಲ್ಲಿ ಇಲ್ಲದ್ದನ್ನು ಮಾಹಿತಿ ಹಕ್ಕಿನಲ್ಲಿ ಜನರಿಗೆ ಕೊಡುವುದು ಹೇಗೆ ಅನ್ನೋದೂ ಆ ತೀರ್ಪಿನಲ್ಲಿದೆ. ಆದ್ದರಿಂದ ಕಡತದಲ್ಲಿ ಎರಡು ಸಾಲು: ಇಂಥ ದಿನ, ಇಷ್ಟು ಗಂಟೆಗೆ, ದೂರವಾಣಿಯಲ್ಲಿ ಹೀಗೆ ಸೂಚನೆ ಬಂತು, ಲಿಖಿತ ಆದೇಶ ಕೋರಿದೆ. ಅಷ್ಟೇ ಸಾಕು.

ನಾನು ಹೊಸದರಲ್ಲಿ ಇದನ್ನು ಮಾಡಲಿಲ್ಲ. ಒಂದು ಜಾಗದ ವಿಷಯದಲ್ಲಿ ಬಾಯಿಮಾತು ನಂಬಿ ಸಹಿ ಹಾಕಿದೆ. ಎಷ್ಟೋ ವರ್ಷದ ಮೇಲೆ ವಿಚಾರಣೆ ಬಂದಾಗ ಹೇಳಿದವರಿಗೆ ಹೇಳಿದ್ದೇ ನೆನಪಿರಲಿಲ್ಲ. ನನ್ನ ವಾರ್ಷಿಕ ವೇತನ ಬಡ್ತಿ ನಿಂತಿತು, ಅದೇ ವರ್ಷ ಮಗಳ ಮದುವೆ.

ಹೊನ್ನಾವರದ_ತರಬೇತುದಾರ್ತಿ:

ಶಿರಸಿಯವರ ಮಾತು ಒಪ್ಪುತ್ತೇನೆ, ಆದರೆ ಕಡತ ನಮ್ಮನ್ನು ಕಾಯುತ್ತದೆ, ಅಂಗಳದಲ್ಲಿ ನಿಂತ ಅಜ್ಜಿಗೆ ಅದು ಕಾಣುವುದಿಲ್ಲ ಅಲ್ವಾ? ಜನರ ಎದುರು ನಿಂತು ವಿವರಿಸುವುದನ್ನು ನಾವು ಕಲಿಸುತ್ತಲೇ ಇಲ್ಲ. ಪಂಚಾಯ್ತಿ ಸಿಬ್ಬಂದಿಗೆ ತರಬೇತಿ ಕೊಡುವವಳಾಗಿ ಇದನ್ನು ಬೇಜಾರಿನಿಂದಲೇ ಹೇಳ್ತಿದ್ದೇನೆ.

ಕಾಡಿನ ಜಾಗದಲ್ಲಿ ಬದುಕಿಕೊಂಡು ಬಂದವರಿಗೆ ಆ ಜಾಗದ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ತಗೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾವ ಗ್ರಾಮಸಭೆಗೆ ಹೋದರೂ ಅದೇ ಮಾತು. ಇಲ್ಲಿಯ ಸಿದ್ದಿ ಸಮುದಾಯದವರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ಜಾಗದಲ್ಲಿ ಇದ್ದೇವೆ ಅಂತ ತೋರಿಸಿದರೆ ಆಯ್ತು. ಅದೇ ಬೇಲಿಯ ಆಚೆಗಿರುವ ಹಾಲಕ್ಕಿ ಸಮುದಾಯದ ಕುಟುಂಬಕ್ಕೆ ಪರಿಶಿಷ್ಟ ಪಂಗಡದ ಸ್ಥಾನ ಇನ್ನೂ ಸಿಕ್ಕಿಲ್ಲ, ಅವರು ಮೂರು ತಲೆಮಾರು ಅಂದರೆ 75 ವರ್ಷ ತೋರಿಸಬೇಕು. ಇಬ್ಬರೂ ಒಂದೇ ಬಾವಿಯ ನೀರು ಕುಡಿಯುವವರು. "ಯಾಕೆ ಹೀಗೆ?" ಅಂತ ಕೇಳಿದಾಗ "ಕಾನೂನು ಇರೋದೇ ಹಾಗೆ" ಅಂದು ಕೂತರೆ ಸಭೆ ಅಲ್ಲಿಗೇ ಮುಗೀತು. ದಾಖಲೆ ಇಲ್ಲದಿದ್ದರೆ ಊರಿನ ಹಿರಿಯರ ಹೇಳಿಕೆಯನ್ನೂ ಬರೆದು ಸಾಕ್ಷಿಯಾಗಿ ಕೊಡಬಹುದು, ಇಂಥ ಒಂದೇ ದಾಖಲೆ ಬೇಕು ಅಂತ ಹಟ ಹಿಡಿಯುವಂತಿಲ್ಲ, ತಿರಸ್ಕಾರವಾದರೆ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಇಷ್ಟನ್ನು ಸಿಟ್ಟಿನಲ್ಲಿರುವ ನೂರು ಜನರ ಮುಂದೆ ಅವರ ಮಾತಿನಲ್ಲೇ ಹೇಳಲು ಅಭ್ಯಾಸ ಬೇಕು.

2020ರಲ್ಲಿ ಸರ್ಕಾರಿ ನೌಕರರ ತರಬೇತಿಗೆ ಅಂತ ಕೇಂದ್ರದ ಕರ್ಮಯೋಗಿ ಮಿಷನ್ ಬಂತು, ಆನ್‌ಲೈನ್ ಕೋರ್ಸ್‌ಗಳು ಬಂದವು. ಒಳ್ಳೆಯದೇ. ಆದರೆ ಮೊಬೈಲಿನಲ್ಲಿ ಪಾಠ ಕೇಳಿದರೆ ದನಿ ನಡುಗೋದು ನಿಲ್ಲುವುದಿಲ್ಲ. ನಾನೀಗ ಮಧ್ಯಾಹ್ನದ ಊಟ ಆದಮೇಲೆ ಕುರ್ಚಿ ತಿರುಗಿಸಿ ಗ್ರಾಮಸಭೆ ಮಾಡಿಸುತ್ತೇನೆ. ಒಬ್ಬರು ಅಧಿಕಾರಿ, ಉಳಿದವರು ಊರವರು. ಮೊದಲ ಹತ್ತು ನಿಮಿಷ ಎಲ್ಲರಿಗೂ ಗಂಟಲು ಒಣಗುತ್ತದೆ.

ಗಂಗಾವಳಿ_ದಂಡೆ:

ನಾನು ಸರ್ಕಾರಿ ನೌಕರ ಅಲ್ಲ, ಅಂಕೋಲೆಯವನು. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದ ದಿನಗಳು ನೆನಪಿವೆ. ಕೇರಳದ ಚಾಲಕರೊಬ್ಬರು ಲಾರಿ ಸಮೇತ ಕಾಣೆಯಾಗಿದ್ದರು, ಎರಡು ರಾಜ್ಯದ ರಾಜಕೀಯ, ಟಿವಿ ಚಾನೆಲ್‌ಗಳು, ಮೇಲಿಂದ ಮಳೆ. ಲಾರಿ ಪಕ್ಕದ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿಯವರೆಗೆ ನಮ್ಮ ಮೊಬೈಲಿಗೆ ಬಂದ ಸುಳ್ಳುಗಳಿಗೆ ಲೆಕ್ಕ ಇಲ್ಲ. ನಮಗೆ ಬೇಕಾಗಿದ್ದದ್ದು ದಿನಾ ಸಂಜೆ ಒಬ್ಬರು ಬಂದು "ಇವತ್ತು ಇಷ್ಟು ಆಯ್ತು, ಇದು ಗೊತ್ತಿಲ್ಲ, ನಾಳೆ ಇದನ್ನು ಮಾಡ್ತೇವೆ" ಅನ್ನೋದು. ಗೊತ್ತಿಲ್ಲ ಅಂದರೂ ಬೇಸರ ಇಲ್ಲ ಮಾರಾಯ್ರೆ, ಏನೂ ಹೇಳದೆ ಇದ್ದರೆ ಆ ಜಾಗವನ್ನು ಸುಳ್ಳು ತುಂಬುತ್ತದೆ. ತಂಗಿ, ನಿನ್ನ ವಾಟ್ಸಾಪ್ ವಿಷಯಕ್ಕೂ ಇದೇ ನನ್ನ ಸಲಹೆ. ಗ್ರೂಪಿನಲ್ಲಿ ಜಗಳಕ್ಕೆ ಇಳಿಯಬೇಡ. ಮೇಲಿನವರನ್ನು ಕೇಳಿ ಹಾನಿ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕು.

ಕುಮಟಾ_ಹೊಸ_ವಿಎ:

ಎಲ್ಲರಿಗೂ ತುಂಬಾ ಧನ್ಯವಾದ. ಶಿರಸಿ ಅಣ್ಣೋರೇ, ಆ ಎರಡು ಸಾಲು ಇವತ್ತೇ ಕಡತದಲ್ಲಿ ಬರೆದೆ. ತಹಶೀಲ್ದಾರರನ್ನು ಕೇಳಿ ಮನೆ ಹಾನಿ ಪಟ್ಟಿಯನ್ನು ಪಂಚಾಯ್ತಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಅಜ್ಜಿಗೆ ಓದಲು ಬರುವುದಿಲ್ಲ. ಮೊಮ್ಮಗನನ್ನು ಕರ್ಕೊಂಡು ಬಂದು, ಅವನ ಬೆರಳನ್ನು ತಮ್ಮ ಹೆಸರಿನ ಮೇಲೆ ಇಡಿಸಿ, ಎರಡು ಸಲ ಓದಿಸಿದರು. ಮುಖಂಡರಿಗೆ ನಾಳೆ ನಾನೇ ಫೋನ್ ಮಾಡ್ತೇನೆ.