ಮೊಡವೆಗೆ ಹಚ್ಚುವ ‘ಎಕ್ಸ್‌ಟ್ರ್ಯಾಕ್ಟ್’: ಸಾರವೋ, ರಸವೋ, ಅರ್ಕವೋ?

ಗೆಳೆಯರೇ,

ಮೊಡವೆಗೆ ಗಿಡಮೂಲಿಕೆ ಮದ್ದು ಎಂಬ ಪುಟ್ಟ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊಡವೆ ಎಂಬ ಪದದಲ್ಲಿ ತೊಂದರೆಯಿಲ್ಲ. ಸುಶ್ರುತ ಸಂಹಿತೆ ಇದನ್ನು ಮುಖದೂಷಿಕಾ ಎಂದು ಕರೆದು, ಬೂರುಗದ ಮುಳ್ಳಿಗೆ ಹೋಲಿಸುತ್ತದೆ. ಬೂರುಗದ ಕಾಂಡ ನೋಡಿದವರಿಗೆ ಬೇರೆ ವಿವರಣೆಯೇ ಬೇಡ! ತೊಡಕಿರುವುದು ‘ಎಕ್ಸ್‌ಟ್ರ್ಯಾಕ್ಟ್’ನಲ್ಲಿ. ಅಂದರೆ ಗಿಡದಿಂದ ಬೇರ್ಪಡಿಸಿ ತೆಗೆದ ಅಂಶ. ಬೇವಿನದು, ಲೋಳೆಸರದ್ದು, ಗ್ರೀನ್ ಟೀಯದು ಅಂತ ಸಾಲಿಗೊಂದು ಬರುತ್ತದೆ.

ಮೊದಲು ‘ಸಾರ’ ಎಂದು ಬರೆದೆ. ‘ಬೇವಿನ ಸಾರವನ್ನು ಮುಖಕ್ಕೆ ಹಚ್ಚಿ’ ಎಂಬುದನ್ನು ಓದಿದ ತಂಗಿ, ‘ಒಗ್ಗರಣೆ ಹಾಕೋದು ಯಾವಾಗ?’ ಎಂದಳು. ‘ಸತ್ವ’ ಎಂದರೆ ನನಗೆ ಅಮೃತಬಳ್ಳಿ ಸತ್ವವೇ ನೆನಪಾಗುತ್ತದೆ. ಅದು ಬಳ್ಳಿಯನ್ನು ಜಜ್ಜಿ, ನೀರಿನಲ್ಲಿ ಕಿವುಚಿದಾಗ ತಳದಲ್ಲಿ ಕೂರುವ ಬಿಳಿ ಹಿಟ್ಟು. ‘ಅರ್ಕ’ ಚೆನ್ನಾಗಿದೆ, ಓಮದ ಅರ್ಕ ಎಲ್ಲರಿಗೂ ಗೊತ್ತು. ಈ ಅರ್ಕ ಅರಬ್ಬಿಯಿಂದ ಬಂದದ್ದು, ಅಲ್ಲಿ ಬೆವರು ಎಂಬ ಅರ್ಥವೂ ಇದೆ. ಭಟ್ಟಿಯಲ್ಲಿ ಹನಿ ಹನಿಯಾಗಿ ಇಳಿಯುವುದಕ್ಕೆ ಸರಿಯಾದ ಹೆಸರು. ಆದರೆ ಸಂಸ್ಕೃತದ ಅರ್ಕ ಎಂದರೆ ಎಕ್ಕದ ಗಿಡವೂ ಹೌದಲ್ವಾ? ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ. ಮುಖಕ್ಕೆ ಹಚ್ಚುವ ಮದ್ದಿನಲ್ಲಿ ಈ ಗೊಂದಲ ಬೇಡ.

ಆಮೇಲೆ ಅನ್ನಿಸಿದ್ದು: ನಮ್ಮ ಅಜ್ಜಿಯಂದಿರು ಇಂಥ ಕಡೆ ಒಂದೇ ಹೆಸರಿಗೆ ಜೋತುಬೀಳುತ್ತಿರಲಿಲ್ಲ, ಕ್ರಿಯಾಪದದಲ್ಲೇ ಮುಗಿಸುತ್ತಿದ್ದರು. ಬೇವಿನ ಸೊಪ್ಪು ಅರೆದದ್ದು. ಬಜೆ ತೇಯ್ದದ್ದು. ತುಳಸಿ ಹಿಂಡಿದ್ದು. ಶುಂಠಿ ಕುದಿಸಿದ್ದು. ಅರೆಯುವುದಕ್ಕೂ ತೇಯುವುದಕ್ಕೂ ಇರುವ ವ್ಯತ್ಯಾಸ ಎಷ್ಟು ನಾಜೂಕು ನೋಡಿ. ಒಂದಕ್ಕೆ ಒರಳು, ಇನ್ನೊಂದಕ್ಕೆ ಸಾಣೆಕಲ್ಲು. ಲೋಧ್ರ ಎಂಬ ಮರದ ತೊಗಟೆ, ಕೊತ್ತಂಬರಿ ಬೀಜ, ಬಜೆ ಸೇರಿಸಿ ಹಚ್ಚುವ ಹಳೆಯ ಆಯುರ್ವೇದದ ಮೊಡವೆ ಲೇಪಕ್ಕೆ ‘ಎಕ್ಸ್‌ಟ್ರ್ಯಾಕ್ಟ್’ ಎನ್ನುವುದೇ ತಪ್ಪು, ಅದು ಇಡೀ ಪದಾರ್ಥವನ್ನೇ ಅರೆದದ್ದು.

ಟೀ ಟ್ರೀ ಎಣ್ಣೆಯದು ಬೇರೆ ಕಥೆ. ಒಬ್ಬರು ಅದನ್ನು ‘ಚಹಾ ಮರದ ಎಣ್ಣೆ’ ಮಾಡಿದ್ದರು. ನಾವು ಕುಡಿಯುವ ಚಹಾಕ್ಕೂ ಆ ಗಿಡಕ್ಕೂ ನಂಟಿಲ್ಲ. ಅದು ಆಸ್ಟ್ರೇಲಿಯಾದ್ದು, ನೀಲಗಿರಿ ಮತ್ತು ನೇರಳೆಯ ಕುಟುಂಬಕ್ಕೆ ಸೇರಿದ್ದು. ಎಲೆಗೆ ಹಬೆ ಹಾಯಿಸಿ ಎಣ್ಣೆ ಇಳಿಸುತ್ತಾರೆ. 1990ರಲ್ಲಿ ಅಲ್ಲಿಯೇ 124 ಜನರ ಮೇಲೆ ಶೇ 5ರ ಟೀ ಟ್ರೀ ಜೆಲ್ ಮತ್ತು ಮೊಡವೆಗೆ ವೈದ್ಯರು ಕೊಡುವ ಮದ್ದಾದ ಶೇ 5ರ ಬೆಂಜಾಯ್ಲ್ ಪೆರಾಕ್ಸೈಡನ್ನು ಹೋಲಿಸಿ ನೋಡಿದ್ದರು. ಎರಡೂ ಮೊಡವೆ ತಗ್ಗಿಸಿದವು. ಟೀ ಟ್ರೀ ನಿಧಾನ, ಆದರೆ ಉರಿ, ಒಣಗುವಿಕೆ ಕಡಿಮೆ. ಹೆಸರನ್ನು ಸುಮ್ನೆ ‘ಟೀ ಟ್ರೀ’ ಎಂದೇ ಬಿಡುತ್ತೇನೆ.

ಉಳಿದದ್ದು ಒಂದೇ. ಎಲೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ, ಸೋಸಿ, ಸ್ಪಿರಿಟನ್ನು ಹಾರಿಸಿ ಉಳಿಸಿಕೊಳ್ಳುವುದಕ್ಕೆ ಏನೆನ್ನುವುದು? ಕ್ರೀಮುಗಳಲ್ಲಿ ಹೀಗೆ ತೆಗೆದದ್ದೂ ಇರುತ್ತದೆ. ನನಗೆ ಹೊಳೆದದ್ದು ಕಾಫಿ ಫಿಲ್ಟರ್. ‘ಡಿಕಾಕ್ಷನ್ ಇಳಿದಿದೆಯಾ?’ ಎಂದು ದಿನಾ ಕೇಳುತ್ತೇವೆ. ಡಿಕಾಕ್ಷನ್ ಎಂದರೆ ಕುದಿಸಿದ ಕಷಾಯ, ಫಿಲ್ಟರ್‌ನಲ್ಲಿ ಕುದಿಸುವುದೇ ಇಲ್ಲ! ಆದರೂ ‘ಇಳಿ’ ಎಂಬ ಮಾತು ಮಾತ್ರ ಸರಿಯಾಗಿಯೇ ಕೂತಿದೆ. ಹಾಗಾದರೆ ‘ಸ್ಪಿರಿಟ್‌ನಲ್ಲಿ ಇಳಿಸಿದ ಬೇವು’ ಎನ್ನಬಹುದೇ? ಭಟ್ಟಿ ಇಳಿಸುವುದರ ಜೊತೆ ಬೆರೆತುಹೋಗುವ ಭಯವಿದೆ. ನಿಮ್ಮೂರಿನ ನಾಟಿ ವೈದ್ಯರು ಸಾರಾಯಿಯಲ್ಲಿ ಬೇರು ನೆನೆಹಾಕಿ ತೆಗೆಯುವುದಕ್ಕೆ ಬೇರೆ ಮಾತು ಬಳಸುತ್ತಾರಾ? ಗೊತ್ತಿದ್ದವರು ಯಾವ ಕಡೆಯ ಮಾತು ಎಂಬುದನ್ನೂ ಸೇರಿಸಿ ತಿಳಿಸಿ.