ಸಹಾಯ ಬೇಕು: ಮನೆಯ ಪೋರ್ಟ್ ಹೊರಗಿನಿಂದ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರಲ್ಲೇ ತಲೆ ಕೆಡಿಸಿಕೊಂಡಿದ್ದೇನೆ.

ಊರಿನ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟು, ಹಳೇ ಫೋಟೋಗಳನ್ನೆಲ್ಲ ಅದಕ್ಕೆ ತುಂಬಿದ್ದೇನೆ. ವೆಬ್ ಸರ್ವರ್ 8080 ಪೋರ್ಟ್‌ನಲ್ಲಿದೆ (ಪೋರ್ಟ್ ಅಂದರೆ ಸಂಪರ್ಕ ಒಳಗೆ ಬರುವ, ಸಂಖ್ಯೆ ಇರುವ ಬಾಗಿಲು). ಮನೆಯ ವೈಫೈನಿಂದ ನೆಟ್‌ಕ್ಯಾಟ್‌ನಲ್ಲಿ (ಪೋರ್ಟ್ ತೆರೆದಿದೆಯೇ ಅಂತ ನೋಡುವ ಸಾಧನ) ನೋಡಿದರೆ ತಕ್ಷಣ 'ಸಕ್ಸೀಡೆಡ್' ಅಂತ ಬರುತ್ತದೆ. ಸರ್ವರ್ 127.0.0.1ಕ್ಕೆ, ಅಂದರೆ ಪೈ ಒಳಗಿನ ಸಂಪರ್ಕಕ್ಕೆ ಮಾತ್ರ ಅಂಟಿಕೊಂಡಿಲ್ಲ, 0.0.0.0 (ಪೈನ ಎಲ್ಲ ಐಪಿವಿ4 ವಿಳಾಸಗಳಲ್ಲೂ) ಅಂತಲೇ ತೋರಿಸುತ್ತದೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ಪೈಗೆ ದಾಟಿಸುವುದು) ಕೂಡ ಮಾಡಿಯಾಯಿತು.

ಆದರೆ ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಗೆ ಹಾಕಿ ಅದೇ ಪರೀಕ್ಷೆ ಮಾಡಿದರೆ ತುಂಬಾ ಹೊತ್ತು ಕಾಯಿಸಿ 'ಟೈಮ್ಡ್ ಔಟ್' ಅನ್ನುತ್ತದೆ. 'ರೆಫ್ಯೂಸ್ಡ್' ಅಂತ ಬಂದಿದ್ದರೆ ಯಾರೋ ಉತ್ತರ ಕೊಟ್ಟರು ಅನ್ನಬಹುದಿತ್ತು. ಇಲ್ಲಿ ಬರೀ ಮೌನ. ಪೈನಲ್ಲಿ ಟಿಸಿಪಿಡಂಪ್ (ಬರುವ ಹೋಗುವ ಪ್ಯಾಕೆಟ್ ತೋರಿಸುವ ಸಾಧನ) ಹಾಕಿಕೊಂಡು ಕೂತೆ, ಸಂಪರ್ಕ ಶುರುಮಾಡುವ ಒಂದು ಸಿನ್ ಪ್ಯಾಕೆಟ್ಟೂ ಬಂದಿಲ್ಲ. (ಪಿಂಗ್ ಮಾಡಿ ನೋಡಿ ಅನ್ನಬೇಡಿ ಪ್ಲೀಸ್, ಅದು ಯಂತ್ರ ಉತ್ತರಿಸುತ್ತದೆಯೇ ಅಂತ ಮಾತ್ರ ನೋಡುತ್ತದೆ, ಪೋರ್ಟ್ ಬಗ್ಗೆ ಏನೂ ಹೇಳುವುದಿಲ್ಲ.)

ಈಗ ಅನುಮಾನ ಇಲ್ಲಿದೆ. ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ಕಡೆಯ ವಿಳಾಸ) 100.72 ಅಂತ ಶುರುವಾಗುತ್ತದೆ. 'ನನ್ನ ಐಪಿ ಯಾವುದು' ಅಂತ ಹುಡುಕಿದರೆ ಬೇರೆಯದೇ ಬರುತ್ತದೆ. 100.64ರಿಂದ 100.127ರವರೆಗಿನದು ಸಿಜಿನ್ಯಾಟ್‌ಗೆ (ಒಂದೇ ಸಾರ್ವಜನಿಕ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಮೀಸಲು ಅಲ್ವಾ? ಹಾಗಾದರೆ ಹೊರಗಿನ ಸಂಪರ್ಕ ನನ್ನ ರೂಟರ್ ತನಕ ಬರುವುದೇ ಇಲ್ಲ, ನನ್ನ ಫಾರ್ವರ್ಡಿಂಗ್‌ನಿಂದ ಏನೂ ಉಪಯೋಗವಿಲ್ಲ.

ಐಪಿವಿ6 (ಹೊಸ ಬಗೆಯ ಐಪಿ) ವಿಳಾಸವೂ ಸಿಕ್ಕಿದೆ. ಅದರಲ್ಲೇ ತೆರೆಯಲೇ, ಅಥವಾ ಬಾಡಿಗೆ ಸರ್ವರ್ ತಗೊಂಡು ರಿವರ್ಸ್ ಎಸ್‌ಎಸ್‌ಎಚ್ ಟನಲ್ (ಪೈ ತಾನೇ ಆ ಸರ್ವರ್‌ಗೆ ಸಂಪರ್ಕ ಮಾಡಿ ಹೊರಗಿನವರಿಗೆ ದಾರಿ ಮಾಡಿಕೊಡುವುದು) ಹಾಕಲೇ? ಕರೆಂಟ್ ಹೋಗಿ ಬಂದರೂ ತಾನೇ ಎದ್ದು ನಿಲ್ಲುವಂಥದ್ದು ಬೇಕು. ನಾನು ಊರಲ್ಲಿ ಇಲ್ಲದಾಗ ಅಪ್ಪನಿಗೆ ಫೋನ್ ಮಾಡಿದರೆ, "ಲೈಟು ಮಿಣಮಿಣ ಅಂತಿದೆ ಕಣೋ, ಸರಿಯಾಗೇ ಇದೆ" ಅಂತಾರೆ. ಸೋಮವಾರ ಬೆಂಗಳೂರಿಗೆ ವಾಪಸ್, ಅಷ್ಟರೊಳಗೆ ಹೇಳಿದರೆ ಉಪಕಾರ.