ವಿಡಿಯೊ ಕರೆಯಲ್ಲಿ ಮಾನಸಿಕ ಆಘಾತಕ್ಕೆ ಚಿಕಿತ್ಸೆ: ನಮ್ಮ ಕಾಲೇಜು, ಹಾಸ್ಟೆಲ್‌ಗಳಲ್ಲಿ ನಡೆಯುತ್ತಾ?

ಉಪನ್ಯಾಸಕಿ, ಸಕಲೇಶಪುರ:
ನಮ್ಮ ಪದವಿ ಕಾಲೇಜಿನಲ್ಲಿ ಒಂದು ಪ್ರಸ್ತಾಪ ಇದೆ. ಅಪಘಾತ ಕಣ್ಣಾರೆ ಕಂಡವರು, ಕಾಡಾನೆ ದಾಳಿಯಲ್ಲಿ ಮನೆಯವರನ್ನು ಕಳಕೊಂಡವರು, ದೌರ್ಜನ್ಯಕ್ಕೆ ಒಳಗಾದವರು, ಇಂಥ ವಿದ್ಯಾರ್ಥಿಗಳಿಗೆ ಬೆಂಗಳೂರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಚಿಕಿತ್ಸೆ ಕೊಡುವುದು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ, ತಾಲ್ಲೂಕಿನಲ್ಲಿ ಹುಡುಕಿದರೆ ಅಂಥವರು ಸಿಗುತ್ತಿಲ್ಲ. ಆಡಳಿತ ಮಂಡಳಿ ಕೇಳುತ್ತಿರುವುದು ಇಷ್ಟು: ಪರದೆಯ ಮೇಲೆ ಆಘಾತ ಕೆದಕಬಹುದಾ? ಅರ್ಧದಲ್ಲಿ ಕರೆ ಕಟ್ಟಾದರೆ ಆ ಮಗುವಿನ ಗತಿ ಏನು?

ಮನೋಚಿಕಿತ್ಸಕ, ಹಾಸನ:
ಮಾಡಬಹುದು ಮೇಡಂ. ಆಘಾತದ ನೆನಪಿಗೆ ಅಂಟಿಕೊಂಡ ನಂಬಿಕೆಗಳನ್ನು ತಿದ್ದುವ ‘ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ’ ಸುಮಾರು 12 ಭೇಟಿಗಳದ್ದು. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗಗಳಲ್ಲಿ ಅದು ವಿಡಿಯೊದಲ್ಲೂ ಎದುರುಬದುರು ಕೂತಷ್ಟೇ ಫಲ ಕೊಟ್ಟಿದೆ. ಆದರೆ ಮೊದಲ ಎರಡು ಮೂರು ಭೇಟಿಗಳಲ್ಲಿ ಘಟನೆಯ ವಿವರಕ್ಕೆ ಇಳಿಯಲೇಬಾರದು. ನಿದ್ದೆ, ಊಟ, ಬೆಚ್ಚಿಬೀಳುವುದು, ಆತ್ಮಹತ್ಯೆಯ ಯೋಚನೆ, ಕುಡಿತ ಇವನ್ನು ಕೇಳಿ, ಆಘಾತದ ಲಕ್ಷಣ ಎಷ್ಟಿದೆ ಎಂದು ಅಳೆಯುವ 20 ಪ್ರಶ್ನೆಗಳ ಪಿಸಿಎಲ್-5 ಪಟ್ಟಿ ತುಂಬಿಸಿ. ಅಂಕ 0ಯಿಂದ 80, ಸಾಮಾನ್ಯವಾಗಿ 31–33 ದಾಟಿದರೆ ಪೂರ್ಣ ತಪಾಸಣೆ ಬೇಕು. ಆ ಅಂಕವನ್ನೇ ರೋಗನಿರ್ಣಯ ಅಂದುಕೊಳ್ಳಬೇಡಿ.

ಸಮಾಜ ಕಾರ್ಯಕರ್ತೆ, ಕೊಪ್ಪ:
ಸರ್, ಆ ಸೈನಿಕರಿಗೆ ಬಾಗಿಲು ಹಾಕಿಕೊಂಡು ಕೂರಲು ಒಂದು ಜಾಗ ಇತ್ತು. ನಮ್ಮ ಹಾಸ್ಟೆಲ್‌ನಲ್ಲಿ ಒಂದು ಕೋಣೆಗೆ ನಾಲ್ಕು, ಆರು ಮಕ್ಕಳು. ಮನೆಗೆ ಹೋದರೆ ಒಂದೇ ಫೋನು, ಅದೂ ಅಪ್ಪನ ಕೈಯಲ್ಲಿ. ಹೊಡೆಯುವವನು ಪಕ್ಕದ ಕೋಣೆಯಲ್ಲೇ ಇರುವಾಗ ‘ನಿನಗೇನಾಯ್ತು ಹೇಳು’ ಅಂದರೆ ಆ ಹುಡುಗಿ ಏನು ಹೇಳ್ತಾಳೆ? ಪ್ರಯೋಗದ ಫಲಿತಾಂಶವನ್ನು ಮಲೆನಾಡಿಗೆ ಹಾಗೇ ಎತ್ತಿ ತರಬೇಡಿ ಮಾರಾಯ್ರೆ.

ಮನೋಚಿಕಿತ್ಸಕ, ಹಾಸನ:
ಒಪ್ಪಿದೆ. ಹಿಂಸೆ ಕೊಡುವವರ ಜೊತೆಗೇ ಬದುಕುತ್ತಿರುವವರು, ಸಾಯುವ ಯೋಜನೆ ಕೈಯಲ್ಲಿಟ್ಟುಕೊಂಡವರು, ಮಾತಾಡುತ್ತಲೇ ಎಚ್ಚರ ತಪ್ಪಿದಂತೆ ಆಗುವವರು, ಈ ಮೂವರನ್ನು ನಾನೂ ವಿಡಿಯೊಗೆ ತೆಗೆದುಕೊಳ್ಳುವುದಿಲ್ಲ. ಅವರು ನೇರವಾಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ, ಹಾಸನದವರಾದರೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ ಹೋಗಬೇಕು. ಹೋಗಲು ಜೊತೆಗೊಬ್ಬರನ್ನು ಕಾಲೇಜೇ ಕಳಿಸಬೇಕು.

ವಿದ್ಯಾರ್ಥಿ ಮುಖಂಡ, ಚಿಕ್ಕಮಗಳೂರು:
ಒಬ್ಬೊಬ್ಬರನ್ನೇ ಕೂರಿಸಿದರೆ ವರ್ಷ ಹಿಡಿಯುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ಹಾಸನದ ಮೊಸಳೆಹೊಸಹಳ್ಳಿಯ ಗಣೇಶ ಮೆರವಣಿಗೆಗೆ ಟ್ರಕ್ ನುಗ್ಗಿತಲ್ಲ, ಸತ್ತವರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು. ಅಂಥದ್ದು ಆದಾಗ ಮರುದಿನವೇ 200 ಮಕ್ಕಳನ್ನು ಒಂದು ಆನ್‌ಲೈನ್ ಸಭೆಗೆ ಸೇರಿಸಿ, ಕಂಡದ್ದನ್ನೆಲ್ಲ ಹೇಳಿಸಿಬಿಟ್ಟರೆ ಮನಸ್ಸು ಹಗುರ ಆಗಲ್ವಾ?

ಮನೋಚಿಕಿತ್ಸಕ, ಹಾಸನ:
ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಹೀಗೆ ಒಂದೇ ಸಲ ಎಲ್ಲರನ್ನೂ ಕೂರಿಸಿ ಹೇಳಿಸುವುದರಿಂದ ಮುಂದೆ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಬರುವುದು ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಾಗುವುದೂ ಉಂಟು. ದೂರ ನಿಂತು ಸದ್ದು ಮಾತ್ರ ಕೇಳಿದ್ದ ಹುಡುಗನ ತಲೆಗೆ ಹತ್ತಿರದಿಂದ ನೋಡಿದವನ ದೃಶ್ಯ ಹೊಕ್ಕುತ್ತದೆ. ಇನ್ನು 200 ಚಿಕ್ಕ ಚೌಕಗಳಲ್ಲಿ ಯಾರು ನಡುಗುತ್ತಿದ್ದಾರೆ, ಯಾರು ಎದ್ದು ಹೊರಗೆ ಹೋದರು ಅಂತ ನೋಡುವವರು ಯಾರು?

ಮೊದಲ ವಾರ ಬೇಕಾದದ್ದು ಪ್ರಾಥಮಿಕ ಮಾನಸಿಕ ನೆರವು. ಮಕ್ಕಳು ಸುರಕ್ಷಿತವಾಗಿದ್ದಾರಾ, ಊಟ ನಿದ್ದೆ ಆಗಿದೆಯಾ ನೋಡಿ. ತಾವಾಗಿ ಮಾತಾಡಿದರೆ ಕೇಳಿ, ಬಾಯಿ ಬಿಡಿಸಬೇಡಿ. ಮನೆಯವರ ಜೊತೆ, ಬೇಕಾದ ಆಸ್ಪತ್ರೆಯ ಜೊತೆ ಸೇರಿಸಿ. ಅಪಘಾತದ ವಿಡಿಯೊಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಂದ ತೆಗೆಸುವುದೂ ನೆರವೇ. ಬಹುಪಾಲು ಜನ ವಾರಗಳಲ್ಲಿ ತಾವಾಗಿ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ದೃಶ್ಯಗಳು ಮರುಕಳಿಸುವುದು, ಆ ರಸ್ತೆ ತಪ್ಪಿಸಿ ಓಡಾಡುವುದು, ಬೆಚ್ಚಿಬೀಳುವುದು ನಿಲ್ಲದಿದ್ದರೆ ಆಗ ಚಿಕಿತ್ಸೆಯ ಮಾತು. ನಿದ್ದೆ ಬರಲಿ ಎಂದು ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ಕೊಡುವುದೂ ಬೇಡ. ಮೊದಲ ತಿಂಗಳ ಆಘಾತ ಲಕ್ಷಣಗಳಿಗೆ ಬೆಂಜೊಡಯಾಜೆಪೈನ್ ಗುಂಪಿನ ನಿದ್ದೆ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ವಿದ್ಯಾರ್ಥಿ ಮುಖಂಡ, ಚಿಕ್ಕಮಗಳೂರು:
ಸರಿ ಸರ್, ಆ ಸಭೆ ಬೇಡ. ಆದರೆ ಮಕ್ಕಳು ಒಬ್ಬರಿಗೊಬ್ಬರು ಆಗುವ ಗುಂಪನ್ನೂ ಬಿಡಬೇಕಾ?

ಸಮಾಜ ಕಾರ್ಯಕರ್ತೆ, ಕೊಪ್ಪ:
ಬಿಡಬೇಕಿಲ್ಲ. ಎಂಟು ಹತ್ತು ಜನ ಸಾಕು, ನಡೆಸಲು ತರಬೇತಿ ಇದ್ದವರು ಇಬ್ಬರು: ಒಬ್ಬರು ಮಾತಾಡಿಸಲು, ಇನ್ನೊಬ್ಬರು ಮುಖಗಳನ್ನು ಗಮನಿಸಲು. ನಿದ್ದೆ, ಓದು, ಸಿಟ್ಟು, ಪರೀಕ್ಷೆ ಇಂಥ ಇವತ್ತಿನ ಕಷ್ಟಗಳ ಬಗ್ಗೆ ಮಾತಾಡಲಿ. ಆವತ್ತು ಏನು ಕಂಡೆ ಎಂಬ ವರ್ಣನೆ ಗುಂಪಿನಲ್ಲಿ ಬೇಡ.

ನೆಟ್‌ವರ್ಕ್ ಕೆಲಸದವ, ಕಡೂರು:
ಕರೆ ಕಟ್ಟಾಗುವ ವಿಷಯಕ್ಕೆ ಬರುತ್ತೇನೆ. ಒಬ್ಬರಿಗೊಬ್ಬರು ಮಾತಾಡಲು ಎರಡೂ ದಿಕ್ಕಿಗೆ ಸ್ಥಿರವಾದ 1 ಎಂಬಿಪಿಎಸ್ ಇದ್ದರೆ ಸಾಕಾಗುತ್ತೆ. ತೊಂದರೆ ವೇಗದ್ದಲ್ಲ, ಕರೆಂಟಿನದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಗಾಳಿಗೆ ಮರ ಬಿದ್ದರೆ ಲೈನು ಹೋಯಿತು. ರೂಟರ್‌ಗೆ ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ. ಫೈಬರ್ ಪೆಟ್ಟಿಗೆ ಬೇರೆ ಇದ್ದರೆ ಅದಕ್ಕೂ ಹಾಕಬೇಕು. ಬಹಳ ಕಡೆ ಎಡವುವುದು ಇಲ್ಲೇ: ರೂಟರ್ ಉರಿಯುತ್ತಿರುತ್ತೆ, ಇಂಟರ್ನೆಟ್ ಇರಲ್ಲ. ತಂತಿ ಇರುವ ಇಯರ್‌ಫೋನ್ ಬಳಸಿ, ನಡುವೆ ಚಾರ್ಜು ಮುಗಿಯುವ ಕಾಟ ಇಲ್ಲ. ಶೀಟಿನ ಮಾಡಿನ ಕೋಣೆ ಬೇಡವೇ ಬೇಡ, ಮಳೆ ಹೊಡೆದರೆ ಒಂದಕ್ಷರ ಕೇಳಲ್ಲ. ಬಾಗಿಲ ಹೊರಗೆ ಒಂದು ಟೇಬಲ್ ಫ್ಯಾನ್ ತಿರುಗಲಿ, ಅದರ ಸದ್ದಿಗೆ ಒಳಗಿನ ಮಾತು ಕಾರಿಡಾರಿಗೆ ಬರಲ್ಲ.

ಮನೋಚಿಕಿತ್ಸಕ, ಹಾಸನ:
ಒಳ್ಳೆಯ ಮಾತು. ಇದಕ್ಕೆ ಚಿಕಿತ್ಸೆಯ ಕಡೆಯಿಂದ ಒಂದು ಅಪಾಯ ಸೇರಿಸಬೇಕು. ನೆಟ್ ನಿಂತು ಚಿತ್ರ ಸ್ತಬ್ಧವಾಗುವುದು, ನೆನಪಿನ ಹೊಡೆತಕ್ಕೆ ಮನುಷ್ಯ ಸ್ತಬ್ಧನಾಗುವುದು, ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಕ್ಯಾಮೆರಾ ಮುಖಕ್ಕೆ ಒತ್ತಿಕೊಂಡಿರದೆ ಎದೆ, ಕೈ ಕಾಣುವಷ್ಟು ದೂರ ಇರಲಿ. ಉಸಿರು, ಬೆರಳು ಕಂಡರೆ ಅರ್ಧ ವಿಷಯ ಗೊತ್ತಾಗುತ್ತದೆ. ಮೊದಲ ಭೇಟಿಯಲ್ಲೇ ಒಪ್ಪಂದ ಮಾಡಿಕೊಳ್ಳಿ: ‘ಬಲಗೈ ಎತ್ತು’ ಅಂದಾಗ ಕೈ ಏಳದಿದ್ದರೆ ಕೂಡಲೇ ಫೋನ್ ಮಾಡುತ್ತೇನೆ, ಅದನ್ನೂ ಎತ್ತದಿದ್ದರೆ ಹೊರಗೆ ಕೂತವರಿಗೆ ಹೇಳುತ್ತೇನೆ. ಯಾವ ಕಟ್ಟಡ, ಯಾವ ಕೋಣೆ ಅಂತ ಪ್ರತಿ ಸಲವೂ ಶುರುವಿನಲ್ಲೇ ಕೇಳಬೇಕು. ಬೆಂಗಳೂರಿನಲ್ಲಿ ಕೂತವರು 112ಕ್ಕೆ ಕರೆ ಮಾಡಿದರೆ ವಿಳಾಸ ಹೇಳಲು ಗೊತ್ತಿರಬೇಕಲ್ಲ.

ಕೊನೆಯ 10–15 ನಿಮಿಷ ಘಟನೆಯ ಮಾತು ನಿಲ್ಲಿಸಿ ನೆಲೆಗೆ ತರುವ ಕೆಲಸ: ಕಾಣುವ ಐದು ವಸ್ತು ಹೆಸರಿಸುವುದು, ಮುಟ್ಟಿ ತಿಳಿಯುವ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ಅಂಗಾಲು ನೆಲಕ್ಕೆ ಒತ್ತಿ ಕೂರಲಿ. ಮುಗಿದ ಕೂಡಲೇ ಇಂಟರ್ನಲ್ಸ್‌ಗೋ ಲ್ಯಾಬಿಗೋ ಓಡುವ ಹಾಗೆ ಸಮಯ ಇಡಬೇಡಿ, ಅರ್ಧ ಗಂಟೆ ಖಾಲಿ ಬಿಡಿ. ರಾತ್ರಿ ಹೊತ್ತು ಬೇಡ.

ವಾರ್ಡನ್, ಆಲೂರು:
ಹೊರಗೆ ಕೂರುವವರು ನಾವೇ ತಾನೇ? ಹಾಗಾದರೆ ಯಾವ ಕಾರಣಕ್ಕೆ ಬಂದಿದ್ದಾಳೆ ಅಂತ ನಮಗೆ ಗೊತ್ತಿರಬೇಡವೇ? ನಾಳೆ ಏನಾದರೂ ಆದರೆ ಪೋಷಕರು ಕೇಳುವುದು ನಮ್ಮನ್ನೇ.

ಸಮಾಜ ಕಾರ್ಯಕರ್ತೆ, ಕೊಪ್ಪ:
ನಿಮಗೆ ಸಮಯ, ಕೋಣೆ, ತುರ್ತಿನಲ್ಲಿ ಏನು ಮಾಡಬೇಕು ಇಷ್ಟು ಗೊತ್ತಿದ್ದರೆ ಸಾಕು. ಕಾರಣ ಗೌಪ್ಯ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಆ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯ ಕಂಡರೆ ಚಿಕಿತ್ಸಕರೇ ನಿಮಗೆ ತಿಳಿಸುತ್ತಾರೆ, ಹಾಗೆ ತಿಳಿಸುವುದಾಗಿ ವಿದ್ಯಾರ್ಥಿಗೆ ಮೊದಲೇ ಹೇಳಿರಬೇಕು. ಇನ್ನೊಂದು: ಪಿಯುಸಿಯವರು, ಪದವಿ ಮೊದಲ ವರ್ಷದ ಹಲವರು 18 ತುಂಬದವರು. ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮಾತು ಶುರುವಾಗುವ ಮುಂಚೆಯೇ ಬಿಡಿಸಿ ಹೇಳದಿದ್ದರೆ, ನಂಬಿ ಹೇಳಿಕೊಂಡ ಹುಡುಗಿಗೆ ಎರಡನೇ ಸಲ ಮೋಸವಾದ ಹಾಗೆ.

ಕೋಣೆಗೆ ‘ಕೌನ್ಸೆಲಿಂಗ್’ ಅಂತ ಬೋರ್ಡು ಹಾಕಬೇಡಿ. ಸಣ್ಣ ಊರು, ಒಳಗೆ ಹೋದವರ ಹೆಸರು ಸಂಜೆಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತೆ. ಲೈಬ್ರರಿ ಪಕ್ಕದ ಕೋಣೆ ಆಗಬಹುದು.

ಉಪನ್ಯಾಸಕಿ, ಸಕಲೇಶಪುರ:
ಚಿಕಿತ್ಸಕರನ್ನು ಆರಿಸುವಾಗ ಏನು ನೋಡಬೇಕು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಉಚಿತವಾಗಿ ಇರುವಾಗ ಈ ಖರ್ಚು ಬೇಕಾ ಅಂತಲೂ ಕೇಳುತ್ತಿದ್ದಾರೆ.

ಮನೋಚಿಕಿತ್ಸಕ, ಹಾಸನ:
14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ರಾತ್ರಿ ಎರಡಕ್ಕೆ ಎದೆ ಝಲ್ ಅಂದು ಎದ್ದು ಕೂತ ಹುಡುಗನಿಗೆ ಅದೇ ಆಸರೆ, ನಂಬರನ್ನು ಪ್ರತಿ ಹಾಸ್ಟೆಲ್ ಗೋಡೆಗೆ ಅಂಟಿಸಿ. ಆದರೆ ಅದು ಸಹಾಯವಾಣಿ. ಒಬ್ಬರೇ ಚಿಕಿತ್ಸಕರ ಜೊತೆ 12 ವಾರ ಕ್ರಮವಾಗಿ ಮಾಡುವ ಕೆಲಸ ಬೇರೆ. ಆರಿಸುವಾಗ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ, ಮಾನಸಿಕ ಆಘಾತದ ಚಿಕಿತ್ಸೆಯ ಯಾವ ವಿಧಾನದಲ್ಲಿ ತರಬೇತಿ ಎಂದು ಕೇಳಿ. ಕನ್ನಡ ಬರಲೇಬೇಕು. ಆ ಗಳಿಗೆಯ ಭಯವನ್ನು ಕಲಿತ ಇಂಗ್ಲಿಷಿನಲ್ಲಿ ಹೇಳು ಎಂದರೆ ಹುಡುಗರು ವರದಿ ಒಪ್ಪಿಸುತ್ತಾರೆ, ಭಯ ಒಳಗೇ ಉಳಿಯುತ್ತದೆ.

ಸಮಾಜ ಕಾರ್ಯಕರ್ತೆ, ಕೊಪ್ಪ:
ಎಸ್ಟೇಟ್ ಲೈನಿನ ಮಕ್ಕಳಿಗೆ ತಮಿಳು, ಇನ್ನು ಕೆಲವರಿಗೆ ತುಳು, ಬ್ಯಾರಿ, ಉರ್ದು. ಅದನ್ನೂ ಕೇಳಿಕೊಳ್ಳಿ. ಆದರೂ ನನ್ನ ಮಾತು ಬದಲಾಗಿಲ್ಲ: ಮೊದಲ ಭೇಟಿಯಾದರೂ ಎದುರಿಗೆ ಆಗಲಿ. ಚಿಕಿತ್ಸಕರು ತಿಂಗಳಿಗೊಮ್ಮೆ ಸಕಲೇಶಪುರಕ್ಕೆ ಬಂದು ಹೋಗುವ ಕರಾರು ಮಾಡಿ.

ಮನೋಚಿಕಿತ್ಸಕ, ಹಾಸನ:
ಬಂದರೆ ಒಳ್ಳೆಯದೇ. ಬರುವವರು ಸಿಗುವವರೆಗೆ ಶುರುವೇ ಮಾಡಬಾರದು ಎಂಬುದನ್ನು ಮಾತ್ರ ಒಪ್ಪಲಾರೆ. ಕಾಯುವ ತಿಂಗಳುಗಳಲ್ಲೇ ಮಕ್ಕಳು ಕಾಲೇಜು ಬಿಡುವುದು.

ವಾರ್ಡನ್, ಆಲೂರು:
ರಜೆ ಬಂದಾಗ? ಅರ್ಧ ಜನರ ಮನೆಯಲ್ಲಿ ಸಿಗ್ನಲ್ ಇಲ್ಲ.

ಮನೋಚಿಕಿತ್ಸಕ, ಹಾಸನ:
ರಜೆಗೆ ಮೂರು ವಾರ ಮುಂಚೆ ಘಟನೆಯ ಕೆಲಸ ಹೊಸದಾಗಿ ತೆಗೆಯಬೇಡಿ. ರಜೆಯಲ್ಲಿ ವಾರಕ್ಕೊಂದು ಸಾದಾ ಫೋನ್ ಕರೆ, ನಿದ್ದೆ ಮತ್ತು ಧೈರ್ಯದ ಮಾತಿಗೆ ಮಾತ್ರ. ಹೆಚ್ಚು ಕಡಿಮೆ ಆದರೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್‌ಗೆ ಹೋಗಲು ಒಂದು ಪತ್ರ ಬರೆದು ಕೈಗೆ ಕೊಟ್ಟು ಕಳಿಸಿ.